ಒಂದು ಚಿತ್ರದೊಳಗೆ ಇಡೀ ಸಿನಿಮಾ

ನನ್ನ ನೆನಪಿನಲ್ಲಿ ಅದು ಹೀಗಿದೆ. ಕೆರೆ ಏರಿಯ ಕೆಳಗಿನ ಬಯಲಲ್ಲಿ ಟೂರಿಂಗ್ ಟಾಕೀಸಿನ ಟೆಂಟು. ಒಳಗೆ ತಣ್ಣನೆಯ ಮರಳು. ಮುಂದೆ ಕೂತವರ ತಲೆ ಅಡ್ಡ ಬರುತ್ತದೆಂದು ನಾನು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತಿದ್ದೇನೆ. ಪಕ್ಕದಲ್ಲಿ ಅಪ್ಪ. ಪರದೆಯ ಮೇಲೆ ಬೆಳಕು ಹೆಚ್ಚಿದಾಗ ಅವರ ಬಿಳಿ ಅಂಗಿ ಬೆಳಗುತ್ತದೆ, ಕಮ್ಮಿಯಾದಾಗ ಅಂಗಿಯೂ ಕತ್ತಲಲ್ಲಿ ಕರಗುತ್ತದೆ. ತಲೆಯ ಮೇಲೆ ಹಿಂದಿನಿಂದ ಮುಂದಕ್ಕೆ ಚಾಚಿದ ಬೆಳಕಿನ ಕೋಲು, ಅದರೊಳಗೆ ಸುರುಳಿ ಸುತ್ತುವ ಬೀಡಿ ಹೊಗೆ. ಸಿನಿಮಾ ಯಾವುದೆಂದು ಕೇಳಿದರೆ ಹೇಳಲಾರೆ. ನಾಯಕ ಯಾರು, ಕಥೆ ಏನು, ಒಂದೂ ಉಳಿದಿಲ್ಲ.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಇದನ್ನು ಅಮ್ಮನ ಹತ್ತಿರ ಹೇಳಿದೆ. ಒಬ್ಬಟ್ಟಿಗೆ ಹೂರಣ ಉಂಡೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ಮಪ್ಪ ಯಾವತ್ತೇ ಟೆಂಟಿಗೆ ಬಂದಿದ್ದು? ಅವರು ಬಂದ್ರೆ ಪೇಟೆ ಟಾಕೀಸಿಗೆ ಮಾತ್ರ ಬರೋರು. ಟೆಂಟಿಗೆ ನಮ್ಮನ್ನ ಕರ್ಕೊಂಡು ಹೋಗ್ತಿದ್ದದ್ದು ನಿನ್ನ ಸೋದರಮಾವ. ಅದೂ ಅವನು ಗಂಡಸರ ಕಡೆ, ನಾವು ಹೆಂಗಸರ ಕಡೆ. ನೀನು ನನ್ನ ಮಗ್ಗುಲಲ್ಲೇ ಕೂತಿರ್ತಿದ್ದೆ."

ಅಪ್ಪ ಹೋಗಿ ಹನ್ನೊಂದು ವರ್ಷ. ಅವರನ್ನು ಕೇಳುವ ಹಾಗಿಲ್ಲ. ಆದರೆ ಆ ಬಿಳಿ ಅಂಗಿ ಬೆಳಗಿ ಆರುವುದನ್ನು ನಾನು ಈಗಲೂ, ಇದನ್ನು ಬರೆಯುತ್ತಿರುವಾಗಲೂ, ಕಾಣುತ್ತಿದ್ದೇನೆ. ಅಮ್ಮ ಹೇಳಿದ್ದು ನಿಜವಿರಬೇಕು. ನಾನು ಕಾಣುತ್ತಿರುವುದೂ ಹೋಗುತ್ತಿಲ್ಲ. ಎರಡನ್ನೂ ಇಟ್ಟುಕೊಂಡು ಬೆಂಗಳೂರಿಗೆ ವಾಪಸು ಬಂದ ಆ ವಾರ, ಬಹಳ ದಿನದಿಂದ ತೆಗೆಯದೆ ಇಟ್ಟಿದ್ದ ಒಂದು ಪುಸ್ತಕವನ್ನು ಕಪಾಟಿನಿಂದ ಮತ್ತೆ ತೆಗೆದೆ. ಜಪಾನಿನ ಫೋಟೋಗ್ರಾಫರ್ ಹಿರೋಷಿ ಸುಗಿಮೊಟೊ ಅವರ ಚಿತ್ರಗಳ ಪುಸ್ತಕ.

ಅದರಲ್ಲಿ ಪುಟ ಪುಟಕ್ಕೂ ಸಿನಿಮಾ ಥಿಯೇಟರುಗಳು. ಎಲ್ಲ ಕಪ್ಪು ಬಿಳುಪು. ಅಮೆರಿಕದಲ್ಲಿ 1920, 30ರ ದಶಕಗಳಲ್ಲಿ ಕಟ್ಟಿದ ಭಾರೀ ಅರಮನೆಯಂಥ ಹಾಲುಗಳು. ಗಿಲೀಟು ಕಂಬಗಳು, ಗಾರೆಯ ಹೂಬಳ್ಳಿ, ಮಡಿಕೆ ಮಡಿಕೆಯಾಗಿ ಇಳಿಬಿದ್ದ ತೆರೆ, ಸಾಲು ಸಾಲು ಖಾಲಿ ಕುರ್ಚಿ. ನಡುವೆ ಪರದೆ. ಪರದೆಯ ಮೇಲೆ ಏನೂ ಇಲ್ಲ, ಬರೀ ಬಿಳಿ. ಸುಣ್ಣ ಬಳಿದ ಗೋಡೆಯ ಬಿಳಿಯಲ್ಲ ಅದು, ಒಳಗಿನಿಂದ ಉರಿಯುವ ಬಿಳಿ. ಹಾಲಿನಲ್ಲಿರುವ ಬೆಳಕೆಲ್ಲ ಅದೊಂದರಿಂದಲೇ ಹೊರಟು ಕಂಬದ ಮೇಲೆ, ಕುರ್ಚಿಯ ಬೆನ್ನಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಮೊದಲ ಸಲ ನೋಡಿದಾಗ, ಸಿನಿಮಾ ಶುರುವಾಗುವ ಮುಂಚೆ ಬರೀ ಲ್ಯಾಂಪು ಹಾಕಿ ತೆಗೆದಿದ್ದಾರೆ ಅಂದುಕೊಂಡಿದ್ದೆ.

ಹಾಗಲ್ಲ. ಆ ಬಿಳಿ ಒಂದು ಇಡೀ ಸಿನಿಮಾ.

ಸುಗಿಮೊಟೊ ಹುಟ್ಟಿದ್ದು ಟೋಕಿಯೊದಲ್ಲಿ, 1948ರಲ್ಲಿ. ಹೈಸ್ಕೂಲಿನ ದಿನಗಳಲ್ಲೇ ಥಿಯೇಟರಿನಲ್ಲಿ ಕೂತು ಪರದೆಯ ಮೇಲಿನ ಆಡ್ರಿ ಹೆಪ್‌ಬರ್ನ್‌ಳ ಫೋಟೋ ತೆಗೆಯುತ್ತಿದ್ದರಂತೆ. ರಿಕ್ಯೊ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಅಮೆರಿಕಕ್ಕೆ ಹೋದರು, ಲಾಸ್ ಏಂಜಲೀಸಿನಲ್ಲಿ ಫೋಟೋಗ್ರಫಿ ಕಲಿತರು, 1974ರಲ್ಲಿ ನ್ಯೂಯಾರ್ಕಿಗೆ ಬಂದರು. ಹೊಟ್ಟೆಪಾಡಿಗೆ ಜಪಾನಿನ ಹಳೆಯ ಕಲಾವಸ್ತುಗಳ ವ್ಯಾಪಾರವನ್ನೂ ಕೆಲವು ಕಾಲ ಮಾಡಿದರು. ಆ ಊರಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಹತ್ತಿ ತುಂಬಿದ ಪ್ರಾಣಿಗಳನ್ನು ನಿಲ್ಲಿಸಿ, ಹಿಂದೆ ಬಣ್ಣದ ಬೆಟ್ಟ ಆಕಾಶ ಬರೆದಿಟ್ಟಿರುತ್ತಾರೆ. ಎರಡೂ ಕಣ್ಣು ತೆರೆದು ನೋಡಿದರೆ ಎಲ್ಲ ನಕಲಿ ಎಂದು ತಕ್ಷಣ ತಿಳಿಯುತ್ತದೆ. ಒಂದು ಕಣ್ಣು ಮುಚ್ಚಿದರೆ ಆಳ ಮಾಯವಾಗಿ, ಅದೇ ದೃಶ್ಯ ದಿಢೀರನೆ ನಿಜವಾಗಿಬಿಡುತ್ತದೆ ಎನ್ನುವುದನ್ನು ಅವರು ಅಲ್ಲಿ ಕಂಡುಕೊಂಡರು. ಕ್ಯಾಮೆರಾಕ್ಕೆ ಇರುವುದೂ ಒಂದೇ ಕಣ್ಣು. 1976ರಲ್ಲಿ ತೆಗೆದ ಹಿಮಕರಡಿಯ ಚಿತ್ರ ನೋಡಿದವರಿಗೆ, ಸತ್ತು ಎಷ್ಟೋ ವರ್ಷವಾದ ಆ ಕರಡಿ ಈಗಷ್ಟೇ ಸೀಲ್ ಪ್ರಾಣಿಯನ್ನು ಹೊಡೆದುಹಾಕಿ ನಿಂತಂತೆ ಕಾಣುತ್ತದೆ.

ಆ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ ಒಂದು ಸಂಜೆ ಅವರಿಗೊಂದು ಪ್ರಶ್ನೆ ಹೊಳೆಯಿತು. ಒಂದು ಸಿನಿಮಾವನ್ನು ಪೂರ್ತಿಯಾಗಿ ಒಂದೇ ಫೋಟೋದಲ್ಲಿ ಹಿಡಿದರೆ ಏನು ಬರಬಹುದು? ಉತ್ತರವೂ ಜೊತೆಗೇ ಕಣ್ಣಿಗೆ ಕಟ್ಟಿತಂತೆ: ಹೊಳೆಯುವ ಪರದೆ. ಪ್ರವಾಸಿಯ ವೇಷ ತೊಟ್ಟು, ದೊಡ್ಡ ಕ್ಯಾಮೆರಾ ಹೊತ್ತು, ಈಸ್ಟ್ ವಿಲೇಜಿನ ಅಗ್ಗದ ಥಿಯೇಟರೊಂದಕ್ಕೆ ಹೋಗಿ ಕೂತರು. ಸಿನಿಮಾ ಶುರುವಾದಾಗ ಶಟರ್ ತೆರೆದರು. ಎರಡು ಗಂಟೆ ಕಳೆದು ಸಿನಿಮಾ ಮುಗಿದಾಗ ಮುಚ್ಚಿದರು. ಅವತ್ತು ರಾತ್ರಿಯೇ ನೆಗೆಟಿವ್ ತೊಳೆದು ನೋಡಿದರೆ, ಮನಸ್ಸಿಗೆ ಕಂಡದ್ದೇ ಅಲ್ಲಿತ್ತು.

ಇದರ ಲೆಕ್ಕವನ್ನು ಒಂದು ಸಲ ಕೂತು ಹಾಕಿದ್ದೇನೆ. ರೀಲಿನ ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಎರಡು ಗಂಟೆಗೆ 1,72,800 ಚಿತ್ರ. ಅಷ್ಟೂ ಒಂದರ ಮೇಲೊಂದು ಒಂದೇ ಫಿಲ್ಮ್ ಹಾಳೆಯ ಮೇಲೆ ಬೀಳುತ್ತವೆ. ಮುತ್ತು, ಬಂದೂಕು, ಮಳೆ, ಅಳು, ಕುದುರೆ, ಕೊನೆಯ ಅಪ್ಪುಗೆ, ಯಾವುದನ್ನೂ ಬಿಟ್ಟಿಲ್ಲ. ಯಾವುದನ್ನೂ ಬಿಡದಿದ್ದಕ್ಕೇ ಯಾವುದೂ ಕಾಣುವುದಿಲ್ಲ. ಕಂಡದ್ದು ಸುತ್ತಲಿನ ಹಾಲು. ಪರದೆಯ ಮೇಲೆ ಎಲ್ಲ ಓಡುತ್ತಿದ್ದಾಗ ಎರಡು ಗಂಟೆ ಅಲುಗಾಡದೆ ನಿಂತಿದ್ದು ಅದೊಂದೇ.

ಅಮ್ಮನ ಮಾತು ಕೇಳಿ ಬಂದ ಆ ವಾರ ಆ ಪುಟಗಳ ಮುಂದೆ ಕೂತಾಗ ನನ್ನ ಟೆಂಟಿನ ನೆನಪು ಯಾಕೆ ಹಾಗಿದೆ ಎನ್ನುವುದು ಸ್ವಲ್ಪ ಬಿಡಿಸಿಕೊಂಡಿತು. ಬಾಲ್ಯದಲ್ಲಿ ಟೆಂಟಿಗೆ ಎಷ್ಟು ಸಲ ಹೋಗಿದ್ದೆನೋ, ಇಪ್ಪತ್ತೋ ಮೂವತ್ತೋ. ಒಂದೊಂದು ಸಲವೂ ಬೇರೆ ಸಿನಿಮಾ, ಬೇರೆ ಜನ. ಎಲ್ಲ ಒಂದರ ಮೇಲೊಂದು ಬಿದ್ದು ಪರದೆ ಬಿಳಿಯಾಗಿದೆ. ಪ್ರತಿ ಸಲವೂ ಇದ್ದದ್ದು ಮರಳು, ಬೆಳಕಿನ ಕೋಲು, ಬೀಡಿ ಹೊಗೆ. ಅವು ಸ್ಪಷ್ಟವಾಗಿ ಉಳಿದಿವೆ. ಆದರೆ ಈ ಲೆಕ್ಕದಲ್ಲಿ ಅಪ್ಪನ ಅಂಗಿ ಕೂರುವುದಿಲ್ಲ. ಒಂದು ಸಲವೂ ಬಾರದವರು ಹೇಗೆ ಉಳಿದರು?

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರೆಲ್ಲ ಆ ಕತ್ತಲ ಗೋಡೆಯನ್ನು ನೋಡಿರುತ್ತೀರಿ. ಗುಡಿಯ ಹಿಂಭಾಗದಲ್ಲಿ ಸಣ್ಣ ಕಿಂಡಿಯೊಂದರಿಂದ ಬೆಳಕು ಒಳಬಂದು, ಒಂಬತ್ತು ಅಂತಸ್ತಿನ ಪೂರ್ವದ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ನಾನು ಏಳನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ ಮೊದಲು ನೋಡಿದ್ದು. ಅವತ್ತು ಸಾಲು ಬೇಗ ಬೇಗ ಸಾಗಬೇಕಿತ್ತು, ಅರ್ಧ ನಿಮಿಷವೂ ನಿಲ್ಲಲು ಬಿಡಲಿಲ್ಲ. ದೊಡ್ಡವಳಾಗಿ ಕ್ಯಾಮೆರಾ ಕಲಿತ ಮೇಲೆ ಮತ್ತೆ ಹೋಗಿ ಬಹಳ ಹೊತ್ತು ನಿಂತೆ. ಲೆನ್ಸ್ ಇಲ್ಲ, ಯಂತ್ರ ಇಲ್ಲ. ಒಂದು ತೂತು, ಒಂದು ಕತ್ತಲ ಕೋಣೆ, ಒಂದು ಗೋಡೆ. ಕ್ಯಾಮೆರಾ ಎಂದರೆ ಅಷ್ಟೇ. ಆದರೆ ಆ ಗೋಡೆಗೆ ನೆನಪಿಲ್ಲ. ಇವತ್ತು ಬಿದ್ದ ಗೋಪುರ ಇವತ್ತಿಗೇ ಮುಗಿಯಿತು. ಎಷ್ಟೋ ತಲೆಮಾರುಗಳ ಬೆಳಗು ಆ ಗೋಡೆಯ ಮೇಲೆ ಹಾದುಹೋಗಿದೆ, ಒಂದು ಕಲೆಯೂ ಉಳಿದಿಲ್ಲ. ಹಾಗಾಗಿಯೇ ಅದರ ಮೇಲೆ ಇವತ್ತಿಗೂ ಗೋಪುರ ಅಷ್ಟು ಚೆನ್ನಾಗಿ ಕಾಣುತ್ತದೆ. ಸುಗಿಮೊಟೊ ಅವರ ಫಿಲ್ಮ್ ಹಾಳೆ ಇದರ ಆಚೆಯ ತುದಿ. ಅದು ಏನನ್ನೂ ಮರೆಯಲಿಲ್ಲ, ಅದಕ್ಕೇ ಏನನ್ನೂ ತೋರಿಸಲಾರದು. ನಾವು, ಕಣ್ಣೂ ತಲೆಯೂ ಇರುವ ಮನುಷ್ಯರು, ಇವೆರಡರ ನಡುವೆ ಎಲ್ಲೋ ಇದ್ದೇವೆ. ಒಂದಷ್ಟು ಅಳಿಸುತ್ತ, ಒಂದಷ್ಟು ಪೇರಿಸುತ್ತ.

ಅಷ್ಟೇ ಅಲ್ಲ, ಇಲ್ಲದ್ದನ್ನು ತುಂಬುತ್ತ ಕೂಡ. ನಮ್ಮ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಜಿಗಿಯುವ ಆ ಕ್ಷಣದಲ್ಲಿ ನಮಗೆ ಸರಿಯಾಗಿ ಏನೂ ಕಾಣುವುದಿಲ್ಲ, ಆದರೆ ನಡುವೆ ಬಿಟ್ಟುಹೋಯಿತು ಎಂದು ಯಾರಿಗೂ ಅನಿಸುವುದಿಲ್ಲ; ಮಿದುಳು ಹೊಲಿಗೆ ಹಾಕಿಬಿಡುತ್ತದೆ. ರೀಲಿನ ಪ್ರೊಜೆಕ್ಟರಿನ ಕೆಲಸವೂ ಹೀಗೇ. ಒಂದು ಚಿತ್ರ ಸರಿದು ಮುಂದಿನದು ಬಂದು ಕೂರುವಷ್ಟರಲ್ಲಿ ಶಟರ್ ಅಡ್ಡ ಬಂದು ಬೆಳಕನ್ನು ಮುಚ್ಚುತ್ತದೆ. ಮಿಣುಕು ಕಾಣದಿರಲೆಂದು ಒಂದೊಂದು ಚಿತ್ರವನ್ನೂ ಎರಡೆರಡು ಸಲ ಬೆಳಗಿಸಲಾಗುತ್ತದೆ. ಕೂಡಿಸಿ ನೋಡಿದರೆ ಸಿನಿಮಾ ಓಡುವಾಗ ಹೆಚ್ಚುಕಮ್ಮಿ ಅರ್ಧ ಹೊತ್ತು ಹಾಲು ಕತ್ತಲಲ್ಲೇ ಇರುತ್ತದೆ. ಆ ಟೆಂಟಿನಲ್ಲಿ ನಾವು ನೋಡಿದ ಸಿನಿಮಾದ ಅರ್ಧ ಭಾಗ ಬರೀ ಕತ್ತಲು, ಅದನ್ನು ತುಂಬಿಕೊಂಡವರು ನಾವೇ.

ನೆನಪಿನ ವಿಷಯದಲ್ಲಿ ಇದನ್ನು ತಾಳ್ಮೆಯಿಂದ ತೋರಿಸಿಕೊಟ್ಟವರು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಅವರು ಇಂಗ್ಲಿಷರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಹೇಳಿಸಿದರು, ಮತ್ತೆ ದಿನಗಳು ಬಿಟ್ಟು ಹೇಳಿಸಿದರು. 1932ರಲ್ಲಿ ಪ್ರಕಟಿಸಿದ ಆ ಕೆಲಸದಲ್ಲಿ, ಕಥೆಯೊಳಗಿನ ಮರ ಕೊರೆದು ಮಾಡಿದ ದೋಣಿ ಹೇಳುವವರ ಬಾಯಲ್ಲಿ ಮಾಮೂಲಿ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಮಗೆ ಪರಿಚಯವಿದ್ದದ್ದನ್ನು ಖಾಲಿ ಜಾಗದಲ್ಲಿ ಕೂರಿಸುತ್ತಿದ್ದರು. ನನ್ನ ಪಕ್ಕದ ಖಾಲಿ ಮರಳಿನ ಮೇಲೆ ನಾನು ಅಪ್ಪನನ್ನು ತಂದು ಕೂರಿಸಿಕೊಂಡದ್ದೂ ಹೀಗೆಯೇ ಇರಬೇಕು. ಯಾವಾಗ ಕೂರಿಸಿದೆನೋ ಗೊತ್ತಿಲ್ಲ, ಬಹುಶಃ ಅವರು ಹೋದ ಮೇಲೆ.

ಸುಗಿಮೊಟೊ ಥಿಯೇಟರುಗಳನ್ನು ಬಿಡಲಿಲ್ಲ. 1993ರ ಸುಮಾರಿಗೆ, ಕಾರಿನೊಳಗೇ ಕೂತು ಸಿನಿಮಾ ನೋಡುವ ಅಮೆರಿಕದ ಡ್ರೈವ್-ಇನ್‌ಗಳಿಗೆ ಹೋದರು. ಬಯಲಲ್ಲಿ ನಿಂತ ಬಿಳಿ ಪರದೆ, ಮೇಲೆ ಕಪ್ಪು ಆಕಾಶ. ಸಿನಿಮಾ ಓಡಿದಷ್ಟು ಹೊತ್ತೂ ಹಾದುಹೋದ ವಿಮಾನಗಳು ಆಕಾಶದಲ್ಲಿ ತೆಳು ಗೆರೆಗಳಾಗಿ ಉಳಿದಿವೆ. 2014ರಲ್ಲಿ ಇಟಲಿಯ ಹಳೆಯ ಒಪೆರಾ ಹೌಸುಗಳು. ಆಮೇಲೆ ಪಾಳುಬಿದ್ದ ಥಿಯೇಟರುಗಳಿಗೆ ತಾವೇ ಪರದೆ ಕಟ್ಟಿ, ಸಿನಿಮಾ ಹಾಕಿ ತೆಗೆದ ಚಿತ್ರಗಳು. ಅದರಲ್ಲಿ ಡೆಟ್ರಾಯಿಟಿನ ಮಿಶಿಗನ್ ಥಿಯೇಟರ್, 2015ರದ್ದು, ನನಗೆ ಬಹಳ ಸಂಕಟ ಕೊಡುವ ಚಿತ್ರ. 1926ರಲ್ಲಿ ಕಟ್ಟಿದ ಅರಮನೆ. ಜನ ಬರುವುದು ನಿಂತ ಮೇಲೆ ಒಳಗನ್ನೆಲ್ಲ ಕಿತ್ತು ಕಾರು ನಿಲ್ಲಿಸುವ ಜಾಗ ಮಾಡಿದರು. ಮೇಲಿನ ಗಾರೆಯ ಕೆತ್ತನೆ ಹರಿದುಹೋದ ಬಟ್ಟೆಯಂತೆ ಜೋತಾಡುತ್ತದೆ. ಹೆನ್ರಿ ಫೋರ್ಡ್ ತನ್ನ ಮೊದಲ ಬಂಡಿಯನ್ನು ತಯಾರಿಸಿದ ಜಾಗವೂ ಅದೇ. ಕಾರು ಹುಟ್ಟಿದ ನೆಲದ ಮೇಲೆ ಥಿಯೇಟರ್ ಎದ್ದು, ಅದರ ಹೊಟ್ಟೆಯೊಳಕ್ಕೆ ಮತ್ತೆ ಕಾರುಗಳೇ ಬಂದು ನಿಂತಿವೆ.

ಬೆಂಗಳೂರಿನಲ್ಲಿ ಯಾವ ಬಸ್ಸು ಹತ್ತಿದರೂ ಯಾರೋ ಒಬ್ಬರು "ಮೆಜೆಸ್ಟಿಕ್ ಒಂದು" ಎಂದು ಟಿಕೆಟ್ ಕೇಳುತ್ತಾರೆ. ಅದು ಒಂದು ಥಿಯೇಟರಿನ ಹೆಸರಾಗಿತ್ತೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ಥಿಯೇಟರ್ ಹೋಯಿತು. ಸುತ್ತಮುತ್ತಲಿನ ಸಾಗರ್, ಗೀತಾ, ಕಪಾಲಿ ಎಲ್ಲ ಒಂದೊಂದಾಗಿ ಹೋದವು. ಹೆಸರು ಮಾತ್ರ ದಿನಕ್ಕೆ ಲಕ್ಷಾಂತರ ಬಾಯಲ್ಲಿ ಓಡಾಡುತ್ತಿದೆ. ದೀಪವನ್ನು ದಿಟ್ಟಿಸಿ ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಸ್ವಲ್ಪ ಹೊತ್ತು ಉಳಿಯುವ ಬೆಳಕಿನ ಮಚ್ಚೆಯ ಹಾಗೆ.

ಸುಗಿಮೊಟೊ ಅವರ ಉಳಿದ ಸರಣಿಗಳ ಬಗ್ಗೆಯೂ ಹೇಳಬೇಕು. ಆದಿಮಾನವ ನೋಡಿದ ದೃಶ್ಯವನ್ನು ಇವತ್ತಿನ ಮನುಷ್ಯ ಹಾಗೆ ಹಾಗೆಯೇ ನೋಡಲು ಸಾಧ್ಯವೇ ಎಂದು ಕೇಳಿಕೊಂಡು, ನೆಲವೆಲ್ಲ ಬದಲಾಗಿದೆ, ಕಡಲು ಮಾತ್ರ ಬದಲಾಗಿಲ್ಲ ಎಂದು ಅವರು 1980ರಲ್ಲಿ ಜಮೈಕಾದಿಂದ ಶುರುಮಾಡಿದ ಕಡಲ ಚಿತ್ರಗಳು ಎಲ್ಲರಿಗೂ ಗೊತ್ತು. ಹಡಗಿಲ್ಲ, ಹಕ್ಕಿಯಿಲ್ಲ, ದಡವಿಲ್ಲ. ನಟ್ಟನಡುವೆ ದಿಗಂತ, ಕೆಳಗೆ ನೀರು, ಮೇಲೆ ಗಾಳಿ. ಅವರಿಗೆ ನೆನಪಿರುವ ಮೊಟ್ಟಮೊದಲ ದೃಶ್ಯವೂ ಕಡಲೇ ಅಂತೆ: ಅಟಾಮಿ, ಒಡವಾರ ನಡುವಿನ ರೈಲಿನಲ್ಲಿ ಸುರಂಗ ದಾಟಿದ ಕೂಡಲೇ ಕಿಟಕಿಯ ತುಂಬ ತೆರೆದುಕೊಂಡ ನೀರು. 2017ರಲ್ಲಿ ಅದೇ ಒಡವಾರದ ಎನೌರಾ ಎಂಬಲ್ಲಿ, ಆ ಕಡಲಿಗೆ ಮುಖ ಮಾಡಿ, ಅವರು ಒಂದು ವೀಕ್ಷಣಾಲಯವನ್ನೇ ಕಟ್ಟಿ ತೆರೆದರು. ಅಲ್ಲಿನ 100 ಮೀಟರ್ ಉದ್ದದ ಮೊಗಸಾಲೆಯ ಉದ್ದಕ್ಕೂ ವರ್ಷದ ಅತಿ ದೀರ್ಘ ಹಗಲಿನ ಸೂರ್ಯ ಒಳಬರುತ್ತಾನೆ, 70 ಮೀಟರಿನ ಕಬ್ಬಿಣದ ಸುರಂಗದೊಳಕ್ಕೆ ಅತಿ ಗಿಡ್ಡ ಹಗಲಿನ ಸೂರ್ಯ. ನೆನಪಿನ ಒಂದೇ ಒಂದು ಕಿಟಕಿಯನ್ನು ಹಿಡಿದು ಬದುಕಿಡೀ ನಡೆದು, ಕೊನೆಗೆ ಅದೇ ಜಾಗಕ್ಕೆ ಬಂದು ನಿಂತವರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ.

1997ರಿಂದ ಅವರು ಕಟ್ಟಡಗಳನ್ನು ತೆಗೆದದ್ದು ಮಸುಕಾಗಿ, ಬೇಕೆಂದೇ. ಲೆನ್ಸಿನ ಮೇಲೆ ಮಲಗಿದ ಎಂಟಿನ ಹಾಗೆ ಒಂದು ಗುರುತಿರುತ್ತದಲ್ಲ, ಅನಂತದ ಗುರುತು. ಅದನ್ನೂ ದಾಟಿ, ಅನಂತದ ಎರಡರಷ್ಟು ದೂರಕ್ಕೆ ಫೋಕಸ್ ಹಿಡಿದೆ ಎನ್ನುತ್ತಾರೆ. ಹಾಗೆ ಕರಗಿಸಿದರೂ ಕರಗದೆ ಉಳಿಯುವ ಕಟ್ಟಡವೇ ಗಟ್ಟಿ ಎನ್ನುವುದು ಅವರ ಪರೀಕ್ಷೆ. ಆ ಸರಣಿಯಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕೂಡ ಇದೆ, 1997ರಲ್ಲಿ ತೆಗೆದದ್ದು. ಮಂಜಿನೊಳಗೆ ನಿಂತ ಎರಡು ಬೂದು ಕಂಬ. ತೆಗೆದಾಗ ಅದೊಂದು ಮಸುಕು ಚಿತ್ರ. ನಾಲ್ಕು ವರ್ಷಕ್ಕೆ ಕಟ್ಟಡ ಹೋಯಿತು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿಲ್ಲ, ಆದರೆ ಈಗ ನೋಡುವವರಿಗೆ ಅದು ನೆನಪಿನ ಚಿತ್ರ.

ಇಷ್ಟೆಲ್ಲ ಓದಿ, ನೋಡಿ, ಒಂದು ಸಲ ನಾನೇ ಮಾಡಿ ನೋಡಬೇಕು ಅನಿಸಿತು. ಇನ್ನೊಬ್ಬರ ಕೆಲಸವನ್ನು ನಕಲು ಮಾಡುವುದಕ್ಕಲ್ಲ. ರಾಗ ಕಲಿಯುವವರು ಗುರು ಹಾಡಿದ್ದನ್ನೇ ಹಾಡಿ ನೋಡುತ್ತಾರಲ್ಲ, ಹಾಗೆ. ಟೆಂಟುಗಳು ಈಗಿಲ್ಲ. ಆದರೆ ಅಪ್ಪ ಬರುತ್ತಿದ್ದರೆಂದು ಅಮ್ಮ ಹೇಳಿದ ಪೇಟೆ ಟಾಕೀಸು ಇನ್ನೂ ನಡೆಯುತ್ತಿತ್ತು. ದಸರೆ ಕಳೆದ ಮೇಲೆ ಮುಚ್ಚಿ ಕಲ್ಯಾಣ ಮಂಟಪ ಮಾಡುತ್ತಾರೆಂಬ ಸುದ್ದಿಯೂ ಇತ್ತು. ಮ್ಯಾನೇಜರ್ ಹತ್ತಿರ ಹೋಗಿ ವಿಷಯ ಹೇಳಿದೆ. ಪರದೆಯ ಮೇಲಿನ ಸಿನಿಮಾ ಕಾಣುವುದೇ ಇಲ್ಲ, ಬಿಳಿ ಬರುತ್ತದೆ ಅಷ್ಟೇ ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. "ಸಿನಿಮಾ ಕದಿಯಲ್ಲ ಅಂದ್ಮೇಲೆ ನಮಗೇನಮ್ಮ, ತಗೊಳ್ಳಿ" ಎಂದು ಬಾಲ್ಕನಿಯ ಮುಂದಿನ ಸಾಲಿನಲ್ಲಿ ಟ್ರೈಪಾಡ್ ನಿಲ್ಲಿಸಲು ಬಿಟ್ಟರು.

ನನ್ನ ಕ್ಯಾಮೆರಾ ಹಳೆಯ ಪೆಂಟ್ಯಾಕ್ಸ್ ಕೆ1000. ಅದರ ಶಟರ್‌ಗೆ ಬ್ಯಾಟರಿ ಬೇಡ. ಕೇಬಲ್ ರಿಲೀಸ್ ಹಾಕಿ ತಿರುಪು ಬಿಗಿದರೆ ಎಷ್ಟು ಗಂಟೆ ಬೇಕಾದರೂ ಕಣ್ಣು ತೆರೆದಿರುತ್ತದೆ. ಸುಗಿಮೊಟೊ ಬಳಸುವ 8×10 ಇಂಚಿನ ಹಾಳೆಯ ಮುಂದೆ 35 ಎಂಎಂ ಫಿಲ್ಮು ಬೆರಳುಗುರು. ಆದರೂ ನನ್ನ ಹತ್ತಿರ ಇದ್ದದ್ದು ಅದು. ಮೊದಲ ದಿನ ಲೈಟ್ ಮೀಟರಿನಲ್ಲಿ ಪರದೆಯ ಬೆಳಕನ್ನು ಅಳೆದು, ಅದಕ್ಕೆ ಸರಿಯಾಗಿ ಲೆನ್ಸಿನ ಕಿಂಡಿ ಸಣ್ಣದು ಮಾಡಿದೆ. ತೊಳೆದು ನೋಡಿದರೆ ಬೂದು ಬಣ್ಣದ ಒಂದು ಚೌಕ, ಸುತ್ತ ಕತ್ತಲು. ತಪ್ಪು ತಿಳಿಯಿತು: ಅಳೆಯಬೇಕಿದ್ದದ್ದು ಪರದೆಯನ್ನಲ್ಲ, ಗೋಡೆಯನ್ನು. ಪರದೆ ತಾನಾಗಿ ಬಿಳಿಯಾಗುತ್ತದೆ, ಗೋಡೆಗಾಗಿ ಕಾಯಬೇಕು. ಜೊತೆಗೆ ಫಿಲ್ಮಿನ ಸ್ವಭಾವವೊಂದಿದೆ. ಬಹಳ ಹೊತ್ತು ಮಂದ ಬೆಳಕು ಬಿದ್ದರೆ ಅದು ಬರಬರುತ್ತಾ ಮೊದಲಿನಷ್ಟು ಹೀರಿಕೊಳ್ಳುವುದಿಲ್ಲ. ಲೆಕ್ಕಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ಕೊಡಬೇಕು. ಮೀಟರ್ ಅರ್ಧ ಗಂಟೆ ಅಂದರೆ ಎರಡು ಗಂಟೆಯೇ ಸರಿ. ನಮ್ಮ ಸಿನಿಮಾದ ಉದ್ದ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಲೆನ್ಸಿನ ಕಿಂಡಿಯನ್ನು ಎಫ್11ಕ್ಕೆ ಇಟ್ಟೆ.

ಇನ್ನೊಂದು ತೊಡಕು ಅಮೆರಿಕದ ಥಿಯೇಟರುಗಳಲ್ಲಿ ಸುಗಿಮೊಟೊ ಅವರಿಗೆ ಇದ್ದಿರಲಾರದು: ಇಂಟರ್‌ವಲ್. ಗಂಟೆಯ ಮೇಲೆ ಹತ್ತು ನಿಮಿಷಕ್ಕೆ ಹಾಲಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡರೆ ಅಷ್ಟೂ ಹೊತ್ತಿನ ಕೆಲಸ ಮುಗಿದಂತೆ. ಆಪರೇಟರ್ ಒಂದು ಉಪಾಯ ಹೇಳಿಕೊಟ್ಟರು. ಪ್ರೊಜೆಕ್ಟರ್ ರೂಮಿನ ಕಿಟಕಿಯಿಂದ ಅವರು ಎರಡು ಸಲ ತಟ್ಟುತ್ತಾರೆ, ನಾನು ಲೆನ್ಸಿಗೆ ಮುಚ್ಚಳ ಹಾಕಬೇಕು. ಮೂವತ್ತು ವರ್ಷ ಅದೇ ರೂಮಿನಲ್ಲಿ ಇದ್ದವರು ಅವರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದಲ್ಲಿ, ಕಡ್ಡಿ ಸವೆದಂತೆ ಕೈಯಿಂದ ಹತ್ತಿರ ಸರಿಸುತ್ತಾ ಇರಬೇಕಿತ್ತಂತೆ, ಸ್ವಲ್ಪ ಮೈಮರೆತರೆ ಪರದೆ ಕಂದುತ್ತಿತ್ತು. ಈಗಿನದು ಡಿಜಿಟಲ್, ಚಿತ್ರ ಚಿತ್ರದ ನಡುವಿನ ಆ ಕತ್ತಲೂ ಇಲ್ಲ. ನಾನು ಮಾಡುತ್ತಿರುವುದು ಏನೆಂದು ತಿಳಿದ ಮೇಲೆ ಅವರೊಂದು ಮಾತು ಹೇಳಿದರು. "ಹಾಡು ಜಾಸ್ತಿ ಇರೋ ಪಿಚ್ಚರ್ ಬಂದಾಗ ತಗೀಬೇಕಿತ್ತು ಮೇಡಂ. ಹಾಡಲ್ಲಿ ಹಾಲೆಲ್ಲ ಬೆಳಗುತ್ತೆ. ದೆವ್ವದ ಪಿಚ್ಚರ್ ಆದ್ರೆ ನನಗೆ ಇಲ್ಲಿಂದ ಮುಂದಿನ ಸಾಲೂ ಕಾಣಲ್ಲ." ನನಗೆ ಮೈ ಜುಮ್ಮೆಂದಿತು. ಸುಗಿಮೊಟೊ ಇದನ್ನೇ ಹೇಳಿದ್ದಾರೆ: ಸುಖದ ಕಥೆಗೆ ಪರದೆ ಬೆಳ್ಳಗೆ ಬರುತ್ತದೆ, ದುಃಖದ್ದಕ್ಕೆ ಮಂಕು, ದೆವ್ವ ಮಾಟದ ಕಥೆಗೆ ಇನ್ನೂ ಕಪ್ಪು. ನ್ಯೂಯಾರ್ಕಿನಲ್ಲಿ ನೆಗೆಟಿವ್ ನೋಡಿ ಅವರು ಕಂಡದ್ದನ್ನು ಇವರು ಅರಸೀಕೆರೆ ಕಡೆಯ ಒಂದು ಪೇಟೆಯಲ್ಲಿ ಅಂಗೈಯಗಲದ ಕಿಟಕಿಯಿಂದ ಕಂಡಿದ್ದರು.

ಎರಡನೇ ದಿನ ಅಮ್ಮನೂ ಬರುತ್ತೇನೆಂದಳು. ಮುಚ್ಚುತ್ತಾರೆಂದು ಅವಳಿಗೂ ಗೊತ್ತಾಗಿತ್ತು. ಮೊಣಕಾಲು ನೋವಿಗೆ ಬಾಲ್ಕನಿಯ ಮೆಟ್ಟಿಲು ಹತ್ತಲಾಗದೆ ಕೆಳಗೇ, ಎಡಗಡೆಯ ಗೋಡೆಯ ಹತ್ತಿರ ಕೂತಳು. ಮ್ಯಾಟಿನಿ. ಇಡೀ ಹಾಲಿನಲ್ಲಿ ಮೂವತ್ತು ಜನವಿದ್ದರೆ ಹೆಚ್ಚು. ದೀಪ ಆರಿದ ಮೇಲೆ ಶಟರ್ ಒತ್ತಿ ತಿರುಪು ಬಿಗಿದೆ. ಆಮೇಲೆ ನನಗೆ ಮಾಡಲು ಏನೂ ಇರಲಿಲ್ಲ. ಎರಡೂವರೆ ಗಂಟೆ ಹಾಲನ್ನು ನೋಡುತ್ತಾ ಕೂತೆ. ಪರದೆಗೆ ಬೆನ್ನು ಹಾಕದಿದ್ದರೂ ಪರದೆಯನ್ನು ನೋಡಲಿಲ್ಲ. ಬೆಳಕು ಗೋಡೆಯ ಮೇಲೆ ಉಬ್ಬರದ ಹಾಗೆ ಏರುವುದು ಇಳಿಯುವುದು, ಹಾಡು ಬಂದಾಗ ಎಲ್ಲರ ಮುಖವೂ ಒಮ್ಮೆ ತೋರಿ ಮರೆಯಾಗುವುದು, ಎರಡನೇ ಸಾಲಿನ ಹುಡುಗ ಮೊಬೈಲ್ ತೆಗೆದು ನೋಡಿ ಜೇಬಿಗಿಡುವುದು. ಸಿನಿಮಾ ನೋಡುವ ಜನರನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಒಂದು ಸಲ ಅಮ್ಮನ ಸೀರೆ, ಬಿಳಿಯ ಮೇಲೆ ಸಣ್ಣ ಹೂವಿನದು, ಚೆನ್ನಾಗಿ ಬೆಳಗಿ ಆರಿತು. ನಾನು ಕೈಯಲ್ಲಿ ಮುಚ್ಚಳ ಹಿಡಿದುಕೊಂಡೇ ಇದ್ದೆ. ಟೆಂಟಿನಲ್ಲಿ ಬೆಳಗಿ ಆರಿದ್ದೂ ಇವಳ ಸೀರೆಯೇ ಇರಬಹುದೇ ಎಂದು ಆ ಕತ್ತಲಲ್ಲಿ ಮೊದಲ ಸಲ ಅನಿಸಿತು. ಇರಬಹುದು. ಅಷ್ಟು ಹೊತ್ತಿಗೆ ಕಿಟಕಿಯಲ್ಲಿ ಎರಡು ಸಲ ತಟ್ಟಿದರು.

ಗೆಳತಿಯೊಬ್ಬಳ ಡಾರ್ಕ್‌ರೂಮಿನಲ್ಲಿ ಪ್ರಿಂಟು ಹಾಕಿದೆವು. ಪರದೆ ಬಿಳಿ ಬಂದಿತ್ತು, ಅಂಚುಗಳು ಸ್ವಲ್ಪ ಕರಗಿದ್ದವು. ಗೋಡೆಯ ಗಾರೆಯ ಪಟ್ಟಿ, ಪರದೆಯ ಅಕ್ಕಪಕ್ಕದ ನವಿಲು, ಗಾಂಧಿ ಕ್ಲಾಸಿನ ಮರದ ಬೆಂಚುಗಳು, ಎಲ್ಲ ಇದ್ದವು. ಜನ ಇರಲಿಲ್ಲ. ಮೂವತ್ತು ಜನ ಅತ್ತಿತ್ತ ತಲೆ ಆಡಿಸುತ್ತ, ಎದ್ದು ಕೂರುತ್ತ ಪೂರಾ ಅಳಿಸಿಹೋಗಿದ್ದರು. ಎರಡನೇ ಸಾಲಿನಲ್ಲಿ ಹುಡುಗನ ಮೊಬೈಲು ಎಳೆದ ಒಂದು ಬಿಳಿ ಗೀರು, ಅಷ್ಟೇ. ಎಡಗಡೆ ಗೋಡೆಯ ಹತ್ತಿರ, ಅಮ್ಮ ಕೂತಿದ್ದ ಕಡೆ, ಕುರ್ಚಿಯ ಬೆನ್ನು ತೀರಾ ತೆಳ್ಳಗೆ ಮಬ್ಬಾಗಿತ್ತು. ಅದು ಅವಳೇ ಎಂದು ನನಗೆ ಮಾತ್ರ ಗೊತ್ತು.

ದೀಪಾವಳಿಗೆ ಹೋದಾಗ ಪ್ರಿಂಟನ್ನು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಪರದೆ ಖಾಲಿ ಏಕೆಂದು ಕೇಳುತ್ತಾಳೆ ಎಂದುಕೊಂಡಿದ್ದೆ, ವಿವರಿಸಲು ತಯಾರಾಗಿಯೂ ಇದ್ದೆ. ಅವಳು ಪರದೆಯನ್ನು ನೋಡಲೇ ಇಲ್ಲ. ಬೆರಳು ಎಡಗಡೆಯ ಗೋಡೆಯ ಮೇಲೆ ಹೋಯಿತು.

"ಇದೇ ಫ್ಯಾನು ನೋಡು. ತಿರುಗ್ತಾನೇ ಇರ್ಲಿಲ್ಲ. ನಿಮ್ಮಪ್ಪನ ಜೊತೆ ಬಂದಾಗ್ಲೂ ಹೀಗೇ, ಕೆಟ್ಟ ಫ್ಯಾನಿನ ಕೆಳಗೇ ಕೂತಿದ್ವಿ. ಏನು ಸೆಕೆ ಅಂತೀಯಾ ಅವತ್ತು."

ನಾನು ಬಗ್ಗಿ ನೋಡಿದೆ. ಗೋಡೆಯ ಉದ್ದಕ್ಕೂ ನಾಲ್ಕು ಫ್ಯಾನುಗಳಿದ್ದವು. ಮೂರು ಬರೀ ಬೂದು ಬಿಲ್ಲೆಗಳಾಗಿದ್ದವು. ಅಮ್ಮನ ತಲೆಯ ಮೇಲಿದ್ದ ಆ ಒಂದರ ಮೂರೂ ರೆಕ್ಕೆ, ಮುಂದಿನ ಜಾಲರಿಯ ಸೊಟ್ಟಾದ ತಂತಿ ಕೂಡ, ಗೆರೆ ಕೊರೆದಂತೆ ಬಂದಿದ್ದವು.